ಅವ್ವ ನಡುವೆ ನಿಲ್ಲದ ಮೇ ತಿಂಗಳು

ನಮ್ಮ ಮನೆಯಲ್ಲಿ ಅಪ್ಪನ ಜೊತೆ ನೇರವಾಗಿ ಮಾತನಾಡುತ್ತಿದ್ದವಳು ಅವ್ವ ಒಬ್ಬಳೇ. ಉಳಿದವರೆಲ್ಲ ಅವಳ ಮೂಲಕವೇ ಹೋಗಬೇಕಿತ್ತು. ಅಪ್ಪ ಹೊಡೆಯುವವನೂ ಅಲ್ಲ, ಬೈಯುವವನೂ ಅಲ್ಲ. ಆದರೂ ನನಗೆ ಪಾಟಿಚೀಲ ಬೇಕಾದರೆ ಅವ್ವನಿಗೆ ಹೇಳುತ್ತಿದ್ದೆ, ತಮ್ಮ ಇನಾಸನಿಗೆ ಜ್ವರ ಬಂದರೆ ಅವ್ವನೇ ಹೋಗಿ ಅಪ್ಪನಿಗೆ ತಿಳಿಸುತ್ತಿದ್ದಳು. ಅಷ್ಟೇಕೆ, ಅಪ್ಪನ ಒಡಹುಟ್ಟಿದ ತಮ್ಮ, ಮೀಸೆ ತಿರುವುವ ವಯಸ್ಸಿನ ಅಂತೋನಿ ಕಾಕಾ ಕೂಡ ಅಣ್ಣನ ಸೈಕಲ್ಲು ಬೇಕಾದಾಗ ಅಡುಗೆಮನೆಯ ಬಾಗಿಲಿಗೆ ಬಂದು ತಲೆ ಕೆರೆದುಕೊಳ್ಳುತ್ತ ನಿಲ್ಲುತ್ತಿದ್ದ. ಅಪ್ಪನದೂ ಅದೇ ಹಾಡು. ನಾನು ಎದುರಿಗೇ ಕೂತಿದ್ದರೂ ಅವ್ವನ ಕಡೆ ನೋಡಿ, "ರೋಜಾಗ ಹೇಳು, ಚರ್ಮ ನೆಳ್ಳಿಗೆ ಹಾಕ್ಲಿ" ಅನ್ನುತ್ತಿದ್ದ. ಅವ್ವ ನನ್ನ ಕಡೆ ತಿರುಗಿ ಅದನ್ನೇ ಮತ್ತೊಮ್ಮೆ ಹೇಳಿದ ಮೇಲೆಯೇ ನಾನು ಏಳುವುದು. ನೋಡಿದವರಿಗೆ ಇದು ಹುಚ್ಚರ ಮನೆ ಅನ್ನಿಸಿದ್ದರೆ ತಪ್ಪಿಲ್ಲ. ನಮಗೆ ಅದು ಮನೆಯ ರೀತಿಯಾಗಿತ್ತು, ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ.

ಅಥಣಿಯ ಒಂದು ಓಣಿಯಲ್ಲಿ ನಮ್ಮದು ಒಂದರ ಹಿಂದೆ ಒಂದು ಮೂರು ಖೋಲಿಗಳ ಮನೆ. ಮುಂದಿನದು ಚಪ್ಪಲಿ ಮಾಡುವ ಖೋಲಿ, ನಡುವಿನದು ಪ್ರಾರ್ಥನೆಯದು, ಹಿಂದಿನದು ಅಡುಗೆಯದು. ನಾವು ಚರ್ಮದ ಕೆಲಸದವರು, ಕ್ರೈಸ್ತರು. ಎರಡನ್ನೂ ಮುಚ್ಚಿಟ್ಟು ಮಾತನಾಡುವ ಚಾಳಿ ನನಗಿಲ್ಲ, ನನ್ನ ಮಕ್ಕಳಿಗೂ ಕಲಿಸಿಲ್ಲ. ಚರ್ಮ ಹದ ಮಾಡಲು ಜಾಲಿ ತೊಗಟೆ ನೆನೆಸಿದ ನೀರಿನ ವಾಸನೆ ನಮ್ಮ ಬಟ್ಟೆಗೆ, ಕೂದಲಿಗೆ, ಹಾಸಿಗೆಗೆ ಹತ್ತಿಕೊಂಡಿರುತ್ತಿತ್ತು. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನನಗೆ ಹಸಿವಾಗುತ್ತದೆ, ಯಾಕೆಂದರೆ ಅದರ ಹಿಂದೆಯೇ ಜೋಳದ ರೊಟ್ಟಿಯ ವಾಸನೆ ಬರಬೇಕು. ಅಟ್ಟೆ ಕತ್ತರಿಸುವುದು, ಬಡಿಯುವುದು, ಹೊಲಿಯುವುದು ಅಪ್ಪನ ಕೆಲಸ. ಚಪ್ಪಲಿಯ ಮೇಲಿನ ಪಟ್ಟಿಗೆ ಎಳೆಎಳೆಯಾಗಿ ಚರ್ಮದ ಜಡೆ ಹೆಣೆಯುವುದು, ಅಂದರೆ ವೇಣಿ ಹಾಕುವುದು, ಹೆಂಗಸರ ಕೆಲಸ. ಅವ್ವನ ವೇಣಿಗೆ ನಿಪ್ಪಾಣಿಯ ವ್ಯಾಪಾರಿಗಳು ಬಾಯಿ ಬಿಡುತ್ತಿದ್ದರು. ಆದರೆ ಅಟ್ಟೆಯ ಮೇಲೆ ಬೀಳುತ್ತಿದ್ದ ಮುದ್ರೆ ಅಪ್ಪನ ಹೆಸರಿನದು, ಗಡಿ ದಾಟಿದ ಮೇಲೆ ಜನ ಆ ಚಪ್ಪಲಿಯನ್ನು ಕರೆಯುತ್ತಿದ್ದುದು ಕೊಲ್ಹಾಪುರದ ಹೆಸರಿನಿಂದ. ಅಪ್ಪ ಕೊಲ್ಹಾಪುರದವರನ್ನು ಬೈಯಲು ಶುರು ಮಾಡಿದಾಗಲೆಲ್ಲ ಅವ್ವ ತನ್ನ ಹೆಣಿಗೆಯಿಂದ ತಲೆ ಎತ್ತದೆ, "ಹೌದ್ರಿ, ಮಾಡಾವ್ರು ಒಬ್ಬರು, ಹೆಸರು ಒಬ್ಬರದು. ಭಾಳ ಅನ್ಯಾಯ ನೋಡ್ರಿ" ಅನ್ನುತ್ತಿದ್ದಳು. ಅಪ್ಪನಿಗೆ ಆ ಚುಚ್ಚು ತಿಳಿಯುತ್ತಿತ್ತೋ ಇಲ್ಲವೋ, ನಮಗಂತೂ ನಗು ತಡೆಯುವುದು ಕಷ್ಟವಾಗುತ್ತಿತ್ತು.

ಸಂಜೆ ಉಳಿ, ಸುತ್ತಿಗೆ ಬದಿಗಿಟ್ಟು ಎಲ್ಲರೂ ನಡುವಿನ ಖೋಲಿಗೆ ಬರುತ್ತಿದ್ದೆವು. ಅಲ್ಲಿ ಗೂಡಿನಲ್ಲಿ ಯೇಸುಸ್ವಾಮಿಯ ತಾಯಿ ಮರಿಯಮ್ಮನ ಮೂರ್ತಿ. ಮೇಲುಹೊದಿಕೆಯ ನೀಲಿ ಅರ್ಧ ಹೋಗಿತ್ತು. ಮೇ ತಿಂಗಳೆಂದರೆ ಮರಿಯಮ್ಮನ ತಿಂಗಳು, ಆಗ ದಿನವೂ ಮಣಿ ಎಣಿಸುತ್ತ ಹೇಳುವ ಜಪಸರ ತಪ್ಪುವಂತಿಲ್ಲ. ಸೆಖೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಮೊಣಕಾಲೂರಿ ಕೂರುತ್ತಿದ್ದೆವು. ಹೇಳಿಕೊಡುವವಳು ಅವ್ವ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ರಾಯಬಾಗದ ತವರಿನಲ್ಲಿ ತನ್ನ ತಾಯಿಯ ಬಾಯಿಂದ ಕೇಳಿ ಕಲಿತವಳು. ಒಂದು ಅಕ್ಷರ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ. ಜಪಸರ ಮುಗಿದ ಮೇಲೆ ಮರಿಯಮ್ಮನ ಬಿರುದುಗಳ ಸಾಲು ಬರುತ್ತದೆ. ಅವ್ವ ಒಂದೊಂದಾಗಿ ಹೇಳುವುದು, ನಾವು "ನಮಗಾಗಿ ಬೇಡಿಕೊಳ್ಳಿರಿ" ಅನ್ನುವುದು. ಪುಸ್ತಕದ ಬಿರುದುಗಳೆಲ್ಲ ಮುಗಿದ ಮೇಲೆ ಅವ್ವ ತನ್ನ ತಾಯಿಯಿಂದ ಬಂದ ಒಂದು ಮಾತನ್ನು ಸೇರಿಸುತ್ತಿದ್ದಳು: "ನಮ್ಮನ್ನು ಬಿಡಿಸಿದ ತಾಯಿಯೇ." ಪಾಪದಿಂದ ಬಿಡಿಸಿದವಳು ಎಂದು ಅರ್ಥ. ಆ ಮಾತು ಹೇಳುವಾಗ ಅವಳ ದನಿ ಸ್ವಲ್ಪ ಏರುತ್ತಿತ್ತು. ನಾವೂ ಜೋರಾಗಿ ಉತ್ತರ ಕೊಟ್ಟು ಊಟಕ್ಕೆ ಏಳುತ್ತಿದ್ದೆವು.

ನಾನು ಹತ್ತನೆಯ ಇಯತ್ತೆ ಪಾಸಾದ ವರ್ಷ, ಮೇ ತಿಂಗಳಲ್ಲಿ, ಅಂತೋನಿ ಕಾಕಾ ಬೆಳಗಾವಿಯಲ್ಲಿ ಉಪದೇಶಿಯ ತರಬೇತಿ ಮುಗಿಸಿ ಬಂದ. ಉಪದೇಶಿ ಎಂದರೆ ಪಾದ್ರಿಗಳು ಇಲ್ಲದಾಗ ಪ್ರಾರ್ಥನೆ ನಡೆಸುವವನು, ಮಕ್ಕಳಿಗೆ ಧರ್ಮ ಕಲಿಸುವವನು. ಹೋಗುವಾಗ ಎಡಕ್ಕೆ ಬೈತಲೆ ತೆಗೆಯುತ್ತಿದ್ದವನು ಬರುವಾಗ ಬಲಕ್ಕೆ ತೆಗೆದುಕೊಂಡು ಬಂದಿದ್ದ, ಜೇಬಿನಲ್ಲಿ ಪೆನ್ನು ಬೇರೆ. ನಮ್ಮ ಮನೆಯಿಂದ ಒಬ್ಬ ಉಪದೇಶಿ! ಓಣಿಯ ತುಂಬ ಅವ್ವನೇ ಹೇಳಿಕೊಂಡು ಬಂದಳು. ಆ ಸಂಜೆ ಎಂದಿನಂತೆ ಜಪಸರ ನಡೆಯಿತು. ಅವ್ವ ಕೊನೆಯ ಮಾತು ಹೇಳಿದಳು. ನಾನು, ಇನಾಸ ಬಾಯಿ ತೆರೆಯುವುದರೊಳಗೆ ಕಾಕಾ ಕೈ ಎತ್ತಿದ.

"ವೈನಿ, ಆ ಮಾತ ಬ್ಯಾಡ್ರಿ. ಅದು ತಪ್ಪ ಐತಿ."

"ಯಾರ ಹೇಳಿದ್ರೋ?"

"ಬೆಳಗಾವ್ಯಾಗ ಕಲಿಸ್ಯಾರ್ರಿ. ಬಿಡಿಸಿದಾಂವ ಯೇಸುಸ್ವಾಮಿ ಒಬ್ಬನ. ಮರಿಯಮ್ಮ ನಮ್ಮ ಸಲುವಾಗಿ ಅವನ ಹಂತ್ಯಾಕ ಕೇಳಾಕಿ. ಅಷ್ಟ."

"ಅಷ್ಟ?"

"ಅಷ್ಟರಿ."

ಅವ್ವ ಜಪಸರವನ್ನು ಮಡಿಲಿಗೆ ಹಾಕಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು. ಅವಳು ಹಾಗೆ ಕೂತಳೆಂದರೆ ಊಟ ತಡವಾಯಿತೆಂದೇ ಲೆಕ್ಕ.

"ಅಂವನ್ನ ಹಡದಾಕಿ ಯಾರೋ ಅಂತೋನಿ? ಶಿಲುಬಿ ಮ್ಯಾಲೆ ಹರೀತಲ್ಲ ರಕ್ತ, ಅದು ಎಲ್ಲಿಂದ ಬಂತು? ಆಕಿ ಮೈಯಾಗಿಂದ ಬಂದದ್ದಲ್ಲೇನು?"

"ಬಂದದ್ದ ಆಕಿ ಮೈಯಿಂದ, ಖರೇರಿ. ಸುರಿಸಿದಾಂವ ಅಂವ."

"ಗಂಡಸರೆಲ್ಲ ಹೆದರಿ ಓಡಿ ಹೋಗ್ಯಾರ. ಆಕಿ ಶಿಲುಬಿ ಬುಡಕ ನಿಂತಾಳ. ಮಗ ಸಾಯೂದು ನೋಡ್ಕೋಂತ ನಿಲ್ಲೂದು ಹಗೂರ ಕೆಲಸ ಅಂತ ಮಾಡೀಯೇನ?"

"ಹಗೂರ ಅಂದಿಲ್ಲರಿ ವೈನಿ. ನಿಂತದ್ದು ಬ್ಯಾರೆ, ಬಿಡಿಸಿದ್ದು ಬ್ಯಾರೆ. ಇಬ್ಬರೂ ಬಿಡಿಸಿದ್ರು ಅಂದ್ರ ಅಂವ ಒಬ್ಬ ಬಿಡಿಸಿದ್ದು ಸಾಲಲಿಲ್ಲ ಅಂದಂಗಾತು. ಆಕಿಗರ ಅದು ಸೇರ್ತೈತಿ?"

ಆಮೇಲೆ ನಾನು ದೊಡ್ಡವಳಾಗಿ, ಸನ್ಯಾಸಿನಿ ಸಿಸ್ಟರ್‌ಗಳ ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದವಳು. ಮರಿಯಮ್ಮ ಮಗನ ಜೊತೆ ತಾನೂ ಬಿಡಿಸಿದ ಸಹ-ವಿಮೋಚಕಿಯೋ ಅಲ್ಲವೋ, ದೇವರ ವರಪ್ರಸಾದವೆಲ್ಲ ಅವಳ ಕೈಯಿಂದಲೇ ಹಾದು ಬರುತ್ತದೋ ಇಲ್ಲವೋ ಎಂದು ದೊಡ್ಡ ದೊಡ್ಡ ಪಂಡಿತರು ತಲೆಮಾರುಗಟ್ಟಲೆ ಜಗಳವಾಡಿದ್ದಾರೆ. ಓದುತ್ತ ಓದುತ್ತ ನನಗೆ ಎದೆ ಉಬ್ಬಿ ಬಂದದ್ದನ್ನು ಹೇಳಿಯೇ ಬಿಡುತ್ತೇನೆ: ಅವರ ವಾದದ ತಿರುಳು ಇಷ್ಟೇ, ಅಥಣಿಯ ನಮ್ಮ ನಡುವಿನ ಖೋಲಿಯಲ್ಲಿ, ರೊಟ್ಟಿ ಆರುತ್ತಿದ್ದ ಹೊತ್ತಿನಲ್ಲಿ, ನಮ್ಮ ಅವ್ವ ಮತ್ತು ಕಾಕಾ ಆಡಿದ್ದು. ಪುಸ್ತಕದ ಪ್ರಕಾರ ಕಾಕಾ ಹೇಳಿದ್ದೇ ಸರಿ, ಅವ್ವನ ಮಗಳಾದ ನಾನೂ ಅದನ್ನು ಒಪ್ಪುತ್ತೇನೆ. ಆದರೆ ಅವತ್ತು ಮಾತು ಕೆಟ್ಟದ್ದು ಕಾಕಾನಿಂದಲ್ಲ, ಅಪ್ಪನಿಂದ. ಅಷ್ಟು ಹೊತ್ತು ಗೋಡೆಗೊರಗಿ ಸುಮ್ಮನಿದ್ದ ಅಪ್ಪ ಎಂದಿನಂತೆ ಅವ್ವನ ಕಡೆ ತಿರುಗಿದ.

"ಅಂತೋನಿಗೆ ಹೇಳು, ಅಂವ ಹೇಳಿದ್ದ ಬರೋಬ್ಬರಿ ಐತಿ. ಕೇಳಾಕಿ ಬ್ಯಾರೆ, ಕೊಡಾಂವ ಬ್ಯಾರೆ. ನಮ್ಮ ಮನ್ಯಾಗ ಇಲ್ಲೇನು ಹಂಗ?"

ಅವ್ವನ ಮುಖ ಕೆಂಪಾಯಿತು. ಅವಳು ಅಪ್ಪನನ್ನು ನೋಡಿದಳು, ಕಾಕಾನನ್ನು ನೋಡಿದಳು, ಆಮೇಲೆ ನಮ್ಮನ್ನು.

"ನಾ ಹೇಳೂದಿಲ್ಲ. ಅಲ್ಲೇ ಕುಂತಾನ, ನೀವ ಹೇಳ್ರಿ. ಬರೀ ಕೇಳಾಕಿ ಅಂತಲ್ಲ ನಾನು? ನಾಳಿಂದ ನಿಮ್ಮ ನಿಮ್ಮ ಮಾತ ನೀವ ನೀವ ಹೇಳಿಕೋರಿ. ನಾ ನಡುವ ನಿಲ್ಲೂದಿಲ್ಲ."

ಹೇಳಿದವಳೇ ಶಿಲುಬೆಯ ಗುರುತು ಹಾಕಿಕೊಂಡು ಎದ್ದು ತಾಟು ಹಾಕಿದಳು. ಪಲ್ಯದಲ್ಲಿ ಉಪ್ಪು ಸರಿಯಾಗಿಯೇ ಇತ್ತು. ಸಿಟ್ಟು ಬಂದರೆ ಅಡುಗೆ ಕೆಡಿಸುವ ಪೈಕಿ ಅಲ್ಲ ಅವಳು. ಬೆಳಿಗ್ಗೆ ಎದ್ದ ಮೇಲೆ ನಮಗೆ ಗೊತ್ತಾಯಿತು, ಅವಳು ಆಡಿದ್ದನ್ನು ಮಾಡುವವಳು. ಕೆಲಸ ಎಲ್ಲ ಮಾಡಿದಳು, ಎಲ್ಲರ ಜೊತೆ ಮಾತನಾಡಿದಳು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದನ್ನು ಮಾತ್ರ ನಿಲ್ಲಿಸಿದಳು. ಮನೆಯ ಗಾಡಿ ಅಲ್ಲೇ ನಿಂತಿತು. ಕಾಕಾನಿಗೆ ಹತ್ತಿರದ ಸತ್ತಿ ಊರಿಗೆ ಹೋಗಿ ಮಕ್ಕಳಿಗೆ ಪ್ರಾರ್ಥನೆ ಕಲಿಸಬೇಕು, ಸೈಕಲ್ಲು ಬೇಕು. ಸೈಕಲ್ಲಿನ ಪಕ್ಕದಲ್ಲಿ ನಿಂತು ಕೆಮ್ಮಿದ. ಅಪ್ಪ ಅಟ್ಟೆ ಬಡಿಯುವುದನ್ನು ನಿಲ್ಲಿಸಿ ತಾನೂ ಕೆಮ್ಮಿದ. ಕೊನೆಗೆ ಕೀಲಿಯನ್ನು ಸೊಂಟದಿಂದ ತೆಗೆದು ತನಗೂ ತಮ್ಮನಿಗೂ ಸರಿನಡುವೆ ನೆಲಕ್ಕೆ ಎಸೆದ. ನಿಪ್ಪಾಣಿಯ ವ್ಯಾಪಾರಿ ಹೆಂಗಸರ ಚಪ್ಪಲಿಗೆ ಸಣ್ಣ ಎಳೆಯ ವೇಣಿ ಬೇಕೆಂದು ಹೇಳಿ ಹೋಗಿದ್ದ. ಅಪ್ಪ ಅದನ್ನು ನನಗೆ ಹೇಳಬೇಕು, ಹೇಗೆ ಹೇಳುವುದು? ಗೋಡೆಯ ಕಡೆ ಮುಖ ಮಾಡಿ, "ಸಣ್ಣ ಎಳಿ ಬೇಕಂತ" ಎಂದ. ನಾನೂ ಗೋಡೆಗೇ "ಹೂಂ" ಅಂದೆ. ಅವ್ವ ನಕ್ಕಳೋ ಏನೋ, ಸೆರಗು ಬಾಯಿಗೆ ಹೋಗಿತ್ತು.

ನಮ್ಮಲ್ಲಿ ಮೊದಲು ಧೈರ್ಯ ಮಾಡಿದವನು ಇನಾಸ. ಐಸ್‌ಕ್ಯಾಂಡಿಯವನ ಗಂಟೆ ಕೇಳುತ್ತಲೇ ಓಡಿ ಹೋಗಿ ಅಪ್ಪನ ಎದುರು ಅಂಗೈ ಚಾಚಿ ನಿಂತ. ಅಪ್ಪ ಗಾಬರಿಯಿಂದ ಸುತ್ತಮುತ್ತ ನೋಡಿ ಕಿಸೆಗೆ ಕೈ ಹಾಕಿದ. ಕಾಕಾ ಕುಣಿದಾಡಿಬಿಟ್ಟ.

"ನೋಡ್ರಿ ವೈನಿ! ನಡುವ ಯಾರೂ ಬೇಕಾಗಿಲ್ಲ, ನೆಟ್ಟಗ ಹೋದ್ರೂ ಸಿಗ್ತೈತಿ!"

"ಭಾಳ ಚೊಲೋ ಆತು," ಎಂದಳು ಅವ್ವ. "ಇನ್ನ ನೀನೂ ಕೆಮ್ಮೂದು ಬಿಟ್ಟು ಬಾಯಿ ತೆಗಿ."

ಇನಾಸನನ್ನು ನೋಡಿ ನನಗೂ ಧೈರ್ಯ ಬಂತು. ನನ್ನದು ಐಸ್‌ಕ್ಯಾಂಡಿಯ ಮಾತಾಗಿರಲಿಲ್ಲ. ಬೆಳಗಾವಿಯ ಸಿಸ್ಟರ್‌ಗಳು ತಮ್ಮ ಹಾಸ್ಟೆಲ್ಲಿನಲ್ಲಿ ಇಟ್ಟುಕೊಂಡು ನರ್ಸ್ ತರಬೇತಿ ಕೊಡಿಸುತ್ತೇವೆ ಎಂದು ಹೇಳಿ ಕಳಿಸಿದ್ದರು. ನಮ್ಮ ಚಿಕ್ಕ ದೇವಾಲಯಕ್ಕೆ ತಿಂಗಳಿಗೊಮ್ಮೆ ಪೂಜೆಗೆ ಬರುತ್ತಿದ್ದ ಫಾದರ್ ಸಿಕ್ವೇರಾ ಮೇ ತಿಂಗಳ ಕೊನೆಯ ಭಾನುವಾರ ಬರುವವರಿದ್ದರು. ಅವರ ಕೈಯಲ್ಲಿ ಹೌದೋ ಅಲ್ಲವೋ ಹೇಳಿ ಕಳಿಸಬೇಕು, ಇಲ್ಲದಿದ್ದರೆ ಆ ಜಾಗ ಬೇರೆ ಹುಡುಗಿಗೆ. ನನಗೆ ಹೋಗಬೇಕಿತ್ತು. ಅಪ್ಪ ಅಟ್ಟೆ ಕತ್ತರಿಸುತ್ತಿದ್ದಾಗ ಎದುರಿಗೆ ಹೋಗಿ ನಿಂತು ಒಂದೇ ಉಸಿರಿನಲ್ಲಿ ಹೇಳಿದೆ. ಅಪ್ಪ ಚರ್ಮದಿಂದ ಕಣ್ಣೆತ್ತಲಿಲ್ಲ.

"ನಿಮ್ಮವ್ವನ ಕಡಿಂದ ಹೇಳಸು."

"ಅವ್ವ ಒಲ್ಲೆ ಅಂತಾಳ."

"ಹಂಗಾರ ಬ್ಯಾಡ. ನೀ ಹೋದ್ರ ವೇಣಿ ಹಾಕಾವ್ರು ಯಾರು?"

ಮುಗಿಯಿತು. ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತು ಅತ್ತೆ, ಅತ್ತು ಸಾಕಾದ ಮೇಲೆ ಅವ್ವನ ಮೇಲೆ ಎಗರಿ ಬಿದ್ದೆ.

"ನೀ ಒಂದ ಮಾತ ಹೇಳಿದ್ರ ಆಗತಿತ್ತು!"

"ಆಗತಿತ್ತು. ಅದಕ್ಕ ಹೇಳೂದಿಲ್ಲ."

"ನನ್ನ ಬಾಳೇವು ಹಾಳ ಮಾಡಾಕತ್ತಿ ಬೇ!"

"ನಾ ಕೈಮುಗದು ಕೇಳಿದ್ರ ಕೊಡ್ತಾರ, ಅದು ನನಗೂ ಗೊತ್ತೈತಿ. ನೀ ಹೊಟ್ಟ್ಯಾಗ ಇದ್ದಾಗ ಹೊತ್ತಾಕಿ ನಾನು. ಇವತ್ತು ನಿನ್ನ ಸಲುವಾಗಿ ಹೊರಗಿನಾಕಿ ಗತೆ ಅರ್ಜಿ ಹಿಡಕೊಂಡು ನಿಂದ್ರಬೇಕೇನು ನಾನು?"

ಆ ಮಾತು ನನಗೆ ಅವತ್ತು ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಮಗಳ ಭವಿಷ್ಯಕ್ಕಿಂತ ಇವಳಿಗೆ ಹಟವೇ ಹೆಚ್ಚಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಸಂಜೆಯ ಜಪಸರದಲ್ಲಿ ಅವಳು ತನ್ನ ಮಾತನ್ನು ಬಿಡದೆ ಹೇಳುತ್ತಲೇ ಇದ್ದಳು. ಕಾಕಾ ಅದಕ್ಕೆ ಬಾಯಿ ಬಿಗಿಹಿಡಿದು ಕೂರುತ್ತಿದ್ದ, ಇನಾಸ ಇಬ್ಬರಿಗೂ ಹೆದರಿ ಗೊಣಗುತ್ತಿದ್ದ. ನಾನು ಮಾತ್ರ ಮರಿಯಮ್ಮನನ್ನೇ ನೋಡುತ್ತ, ನೀನಾದರೂ ನನ್ನ ಸಲುವಾಗಿ ಕೇಳು ತಾಯಿ, ಹಟ ಹಿಡಿಯಬೇಡ, ಎಂದು ಒಳಗೊಳಗೇ ಅಂಗಲಾಚುತ್ತಿದ್ದೆ.

ಭಾನುವಾರ ಫಾದರ್ ಸಿಕ್ವೇರಾ ಬಂದರು. ಗೋವೆಯ ಕಡೆಯ ಮುದುಕರು. ಕನ್ನಡ ಮರಾಠಿ ಎರಡನ್ನೂ ಒಟ್ಟಿಗೆ ಆಡುತ್ತಿದ್ದರು, ಹಾಗೆ ಆಡಿದರೂ ನಮ್ಮೂರಲ್ಲಿ ಯಾರಿಗೂ ತೊಡಕಾಗುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ನಮ್ಮಲ್ಲೇ ಅವರ ಚಹಾ, ನಾಷ್ಟಾ. ಮುಂದಿನ ಖೋಲಿಯಲ್ಲಿ ಕುರ್ಚಿ ಹಾಕಿದ್ದೆವು. ಅಪ್ಪ ಮೂಲೆಯಲ್ಲಿ ಸುಮ್ಮನೆ ಒಂದು ಚರ್ಮದ ತುಂಡನ್ನು ತಿಕ್ಕುತ್ತ ಕೂತಿದ್ದ. ಭಾನುವಾರ ಕೆಲಸ ಮಾಡಬಾರದು, ಆದರೆ ಅವನ ಕೈಗೆ ಅದು ಗೊತ್ತಿರಲಿಲ್ಲ. ಕಾಕಾ ಕಾದುಕೊಂಡೇ ಇದ್ದವನು ಅವ್ವನ ಆ ಕೊನೆಯ ಮಾತಿನ ಫಿರ್ಯಾದು ಹೇಳಿಯೇಬಿಟ್ಟ. ಅವ್ವ ಚಹಾದ ಕಪ್ಪು ಕೊಟ್ಟು, ಒಳಗೆ ಹೋಗದೆ ಅಲ್ಲೇ ನಿಂತಳು.

"ಅಂತೋನಿ ಹೇಳಿದ್ದು ಬರೋಬ್ಬರಿ ಅದ ತಾಯಿ," ಎಂದರು ಫಾದರ್. "ಬಿಡಿಸಿದವ ಒಬ್ಬನೇ. ಮರಿಯಮ್ಮನನ್ನು ಕೂಡ ಅವನೇ ಬಿಡಿಸಿದ್ದು."

ಕಾಕಾ ಬೈತಲೆ ಸರಿಮಾಡಿಕೊಂಡ. ಅವ್ವನ ಮುಖ ಸಣ್ಣದಾದದ್ದನ್ನು ನಾನು ನೋಡಿದೆ. ಅವಳ ಮೇಲಿದ್ದ ನನ್ನ ಅಷ್ಟು ದಿನದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ನನಗೆ ಅಳು ಬಂದಂತಾಯಿತು. ಫಾದರ್ ಬಶಿಗೆ ಚಹಾ ಸುರಿದುಕೊಂಡು ಊದಿದರು.

"ಆದರೆ ಮೊದಲು ಏನಾಯ್ತು ಹೇಳು. ದೇವದೂತ ಆಕೆಯ ಮನೆಗೆ ಬಂದನಲ್ಲ, ಹುಕುಮ್ ತಂದಿರಲಿಲ್ಲ ಅವನು. ಮಾತು ಹೇಳಿದ, ಆಕೆ ಏನಂತಾಳೆ ಅಂತ ನಿಂತ. ಆಕೆ ಒಂದು ಪ್ರಶ್ನೆ ಕೇಳಿದಳು, ಅದಕ್ಕೂ ಉತ್ತರ ಕೊಟ್ಟ. ಆಮೇಲೆ ಆಕೆ ಹೂಂ ಅಂದಳು."

"ದೂತ ಕಾದ?"

"ಕಾದ. ದೇವರೂ ಕಾದ."

"ದೇವರು? ಆಕಿ ಸಲುವಾಗಿ?"

"ಹೌದು ತಾಯಿ."

"ಆಕಿ ಒಲ್ಲೆ ಅಂದಿದ್ರರಿ ಫಾದರ್?"

ಫಾದರ್ ಬಶಿಯನ್ನು ಕೆಳಗಿಟ್ಟು ನಕ್ಕುಬಿಟ್ಟರು. "ನಲವತ್ತು ವರ್ಷ ಪೂಜೆ ಮಾಡೀನಿ. ಅದು ನನಗೂ ಗೊತ್ತಿಲ್ಲ."

ಅವ್ವ ಸೆರಗು ಸರಿಮಾಡಿಕೊಂಡು, "ಆ ಮಾತ ಬಿಡ್ತೀನಿ ಅಂತೋನಿ. ಇವತ್ತಿಂದ ಹೇಳೂದಿಲ್ಲ. ದೇವರು ಕಾದದ್ದು ಅದಕ್ಕಿಂತ ದೊಡ್ಡದೈತಿ" ಎಂದಳು. ಕಾಕಾ ತಾನು ಗೆದ್ದೆನೆಂದು ಸಾಯುವವರೆಗೂ ಹೇಳಿಕೊಂಡ. ಅವ್ವ ಒಮ್ಮೆಯೂ ಅಲ್ಲಗಳೆಯಲಿಲ್ಲ. ಒಬ್ಬರನ್ನೊಬ್ಬರು ಸೋಲಿಸದೆ ಇಬ್ಬರೂ ಗೆದ್ದ ಜಗಳವನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಫಾದರ್ ಓಣಿಯಲ್ಲಿ ಒಬ್ಬ ಮುದುಕಿಗೆ ಪ್ರಸಾದ ಕೊಡಲು ಎದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, "ರೋಜಾಳ ವಿಷಯ ಬರುವಾಗ ಕೇಳತೇನಿ, ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು" ಎಂದರು. ಅವ್ವ ಒಲೆಯ ಮುಂದೆ ಹೋಗಿ ಕೂತಳು. ನಾನು ನಡುವಿನ ಖೋಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಆಗ ಅಪ್ಪ ಎದ್ದ. ನನ್ನ ಮುಂದಿನಿಂದಲೇ ಹಾದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ. ಊಟಕ್ಕೂ ಅವನು ಆ ಬಾಗಿಲು ದಾಟಿದವನಲ್ಲ, ತಾಟು ಹೊರಗೇ ಹೋಗುತ್ತಿತ್ತು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು, ಏನು ಮಾಡಬೇಕೆಂದು ತಿಳಿಯದೆ ಚೌಕಟ್ಟನ್ನು ತಡವಿದ.

"ಹುಡುಗಿ ಬೆಳಗಾವಿಗೆ ಹೋಗ್ತೀನಿ ಅಂತಾಳ."

"ಗೊತ್ತೈತಿ."

"ನಾ ಬ್ಯಾಡ ಅಂದೀನಿ."

"ಅದೂ ಗೊತ್ತೈತಿ."

ಅಪ್ಪ ಗಂಟಲು ಸರಿಮಾಡಿಕೊಂಡ. ಆಮೇಲೆ, ಮದುವೆಯಾದಾಗಿನಿಂದ ಅವ್ವ ಒಮ್ಮೆಯೂ ಕೇಳಿರದಿದ್ದ ಮಾತನ್ನು ಆಡಿದ.

"ನೀ ಏನಂತಿ?"

ಅವ್ವ ತಿರುಗಿ ನೋಡಲಿಲ್ಲ. ಕೊಮ್ಮಣಿಗೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು.

"ತಡೀರಿ. ವಿಚಾರ ಮಾಡಿ ಹೇಳ್ತೀನಿ."

ವಿಚಾರ ಮಾಡುವುದು! ಇಷ್ಟು ದಿನ ಮಾಡಿದ್ದೇನು ಹಾಗಾದರೆ? ನನಗೆ ಓಡಿಹೋಗಿ ಅವಳ ಬಾಯಿಂದ ಮಾತನ್ನು ಎಳೆದುಕೊಳ್ಳಬೇಕು ಅನ್ನಿಸಿತು. ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು. ನೀರು ಸವರಿದಳು. ತಿರುವಿ ಹಾಕಿದಳು. ಕೆಂಡಕ್ಕೆ ಒರಗಿಸಿ, ಅದು ಉಬ್ಬುವವರೆಗೂ ನೋಡುತ್ತ ಕೂತಳು. ಅಪ್ಪ ಹೋಗಲೂ ಇಲ್ಲ, ಬೈಯಲೂ ಇಲ್ಲ, ಚೌಕಟ್ಟು ಹಿಡಿದು ನಿಂತೇ ಇದ್ದ. ನಮ್ಮ ಅವ್ವನನ್ನು ನಾನು ಜೀವನದಲ್ಲಿ ಬಹಳ ಸಲ ನೋಡಿ ಹೆಮ್ಮೆಪಟ್ಟಿದ್ದೇನೆ, ಆದರೆ ಆ ರೊಟ್ಟಿ ಬೇಯುವಷ್ಟು ಹೊತ್ತು ಕಂಡ ಅವಳ ಬೆನ್ನಿನಷ್ಟು ಚೆಂದದ್ದನ್ನು ನೋಡಿಲ್ಲ.

"ಹೋಗ್ಲಿ," ಎಂದಳು ಕೊನೆಗೆ.

ಅಪ್ಪ ಉಸಿರು ಬಿಟ್ಟ. "ಹಂಗಾರ ಆಕಿಗೆ ಹೇಳು."

"ನೀವ ಹೇಳ್ರಿ. ನಿಮ್ಮ ಬೆನ್ನ ಹಿಂದ ನಿಂತಾಳ."

ಅಪ್ಪ ತಿರುಗಿದ. ನಮ್ಮಿಬ್ಬರ ನಡುವೆ ಆಗ ಯಾರೂ ಇರಲಿಲ್ಲ. ಅವನ ಕಣ್ಣು ಗೋಡೆಯನ್ನು ಹುಡುಕಿತು, ನೆಲವನ್ನು ಹುಡುಕಿತು, ಕೊನೆಗೆ ನನ್ನ ಮೇಲೆ ಬಂದು ನಿಂತಿತು.

"ರೋಜಾ," ಎಂದ. "ಹೋಗ್ತೀಯೇನ ಬೆಳಗಾವಿ..."

ಅವ್ವನ ಹಾಗೆ ನಾನೂ ಒಂದಿಷ್ಟು ಹೊತ್ತು ಕಾಯಿಸಬೇಕಿತ್ತು. ಆಗಲಿಲ್ಲ. ಅವನ ಮಾತು ಮುಗಿಯುವ ಮೊದಲೇ ಓಣಿಗೆಲ್ಲ ಕೇಳುವಂತೆ "ಹೂಂ" ಅಂದುಬಿಟ್ಟೆ.